ನಾನು ಕೊಂಡಿಲ್ಲ ಅಂತ ನಾನೇ ಸಾಬೀತು ಮಾಡಬೇಕಂತೆ!

ನನ್ನ ಪೇಮೆಂಟ್ ಅಕೌಂಟನ್ನು ಯಾರೋ ಹ್ಯಾಕ್ ಮಾಡಿ, ಅದರಲ್ಲಿದ್ದ ನನ್ನ ಕಾರ್ಡಿನಿಂದ ಏನೇನೋ ಕೊಂಡರು. ಕೊಂಡಿದ್ದು ನಾನಲ್ಲ ಅಂತ ಆ ಪೇಮೆಂಟ್ ಕಂಪನಿಗೆ ದೂರು ಕೊಟ್ಟಿದ್ದೆ. ಇವತ್ತು ಕಂಪನಿಯವರ ಉತ್ತರ ಬಂತು. 'ಸರಿಯಾದ ಪಾಸ್‌ವರ್ಡ್ ಬಳಸಿಯೇ ಖರೀದಿ ನಡೆದಿದೆ, ಆದ್ದರಿಂದ ದೂರನ್ನು ಮುಚ್ಚಲಾಗಿದೆ.' ಆಹಾ, ಎಂಥಾ ತನಿಖೆ! ಪಾಸ್‌ವರ್ಡ್ ಕದ್ದವನು ತಪ್ಪು ಪಾಸ್‌ವರ್ಡ್ ಹಾಕುತ್ತಾನಾ? ಬೀಗ ಒಡೆದಿಲ್ಲ, ಕೀಲಿ ಹಾಕಿ ತೆಗೆದಿದ್ದಾರೆ, ಹಾಗಾಗಿ ಬಂದವನು ಮನೆ ಯಜಮಾನನೇ ಅನ್ನುವ ಲೆಕ್ಕ ಇದು.

ಕಳ್ಳ ಕೊಂಡಿದ್ದೇನು ಗೊತ್ತಾ? ಗಿಫ್ಟ್ ಕಾರ್ಡುಗಳು, ಜೊತೆಗೆ ಯಾವುದೋ ಗೇಮಿನ ಕಾಯಿನ್ಸ್. ನಾನು, ಗೇಮು! ನಗಬೇಡಿ. ಇಂಥದ್ದಕ್ಕೆ ಪಾರ್ಸೆಲ್ ಬರಬೇಕಿಲ್ಲ, ವಿಳಾಸ ಕೊಡಬೇಕಿಲ್ಲ. ಕೋಡ್ ಕೈಗೆ ಸಿಕ್ಕ ಕೂಡಲೇ ಇನ್ನೊಬ್ಬರಿಗೆ ಮಾರಬಹುದು. ಮೊದಲು ಚಿಲ್ಲರೆ ಮೊತ್ತವೊಂದು ಕಟ್ ಆಗಿತ್ತು, ಕಾರ್ಡ್ ನಡೆಯುತ್ತದೆಯೋ ಇಲ್ಲವೋ ನೋಡುವುದಕ್ಕೆ. ಅದೇ ಹೊತ್ತಿಗೆ ನನ್ನ ಇಮೇಲ್‌ಗೆ ನಾನು ಹೆಸರೇ ಕೇಳಿರದ ಸೈಟುಗಳಿಂದ ರಾಶಿ ರಾಶಿ ಮೇಲ್. ಅದೂ ಅವನದೇ ಕೈವಾಡ. ಖರೀದಿಯ ರಸೀದಿ ಆ ಕಸದೊಳಗೆ ನನ್ನ ಕಣ್ಣಿಗೆ ಬೀಳಬಾರದು, ಅಷ್ಟೇ.

ಹೊಸ ಫೋನಿನಿಂದ ಲಾಗಿನ್, ನಾನು ಯಾವತ್ತೂ ಕೊಳ್ಳದ ಸಾಮಾನು, ಒಂದರ ಹಿಂದೆ ಒಂದು ಖರೀದಿ. ಇದೆಲ್ಲ ಕಂಪನಿಯ ದಾಖಲೆಯಲ್ಲೇ ಇರುತ್ತದೆ. ಆದರೂ ಪ್ರಶ್ನೆ ನನಗೇ. 'ಓಟಿಪಿ ಯಾರಿಗಾದ್ರೂ ಹೇಳಿದ್ರಾ? ಯಾವ ಲಿಂಕ್ ಒತ್ತಿದ್ರಿ?' ಗೆಳೆಯರೂ ಇದನ್ನೇ ಕೇಳಿದರು. ನಿಜ ಹೇಳಬೇಕೆಂದರೆ, ಈ ಪ್ರಶ್ನೆಗೆ ಹೆದರಿ ಮನೆಯಲ್ಲಿ ಬಾಯಿ ಬಿಡದೆ ಕೂತಿದ್ದೆ. ದುಡ್ಡು ಕಳೆದುಕೊಂಡವರಿಗೇ ಯಾಕೆ ನಾಚಿಕೆ ಆಗಬೇಕು?

ತಾವೇ ಕೊಂಡು ಆಮೇಲೆ 'ನಾನಲ್ಲ' ಅನ್ನುವವರೂ ಇದ್ದಾರೆ ಅಂತ ಯಾರೋ ಬುದ್ಧಿ ಹೇಳಿದರು. ಇದ್ದಾರೆ ಸ್ವಾಮಿ, ಇಲ್ಲ ಅಂದವರಾರು? ಹಾಗಂತ ದೂರು ಕೊಟ್ಟವರನ್ನೆಲ್ಲ ಸುಳ್ಳರ ಸಾಲಿಗೆ ನಿಲ್ಲಿಸುವುದಾ? ಸುಳ್ಳು ಅಂತ ಅನುಮಾನ ಇದ್ದರೆ ಸಾಬೀತು ಮಾಡಲಿ. ಕಾನೂನು ಹೇಳುವುದೂ ಅದನ್ನೇ. ಅಮೆರಿಕದ 1978ರ ಎಲೆಕ್ಟ್ರಾನಿಕ್ ಹಣ ವರ್ಗಾವಣೆ ಕಾಯ್ದೆಯಲ್ಲಿ, ವಹಿವಾಟಿಗೆ ಗ್ರಾಹಕರ ಒಪ್ಪಿಗೆ ಇತ್ತು ಅಂತ ತೋರಿಸುವ ಹೊಣೆ ಬ್ಯಾಂಕಿನದ್ದು. ನಮ್ಮ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯೂ ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡುವ ಭಾರವನ್ನು ಬ್ಯಾಂಕಿನ ಮೇಲೇ ಹಾಕಿತು. ಯುರೋಪಿನ 2015ರ ಪಾವತಿ ಸೇವೆಗಳ ನಿರ್ದೇಶನವಂತೂ ಇನ್ನೂ ಸ್ಪಷ್ಟ: ಕಾರ್ಡಿನಂಥ ಪಾವತಿ ಸಾಧನ ಬಳಕೆಯಾಗಿದೆ ಎಂಬ ದಾಖಲೆಯೊಂದೇ ಗ್ರಾಹಕರ ಒಪ್ಪಿಗೆ ಇತ್ತು ಅನ್ನುವುದಕ್ಕೆ ಸಾಕಷ್ಟು ಸಾಕ್ಷಿ ಆಗಲೇಬೇಕೆಂದಿಲ್ಲ. ನನಗೆ ಬಂದಿರುವ ಉತ್ತರದಲ್ಲಿ ಇರುವುದು ಆ ದಾಖಲೆಯೊಂದೇ!

ಪಾಸ್‌ವರ್ಡ್ ಬದಲಾಯಿಸಿದರೆ ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಮೊದಲೇ ಲಾಗಿನ್ ಆಗಿರುವ ಫೋನು ಒಳಗೇ ಇರುತ್ತದೆ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಆಟೋ ಪೇಮೆಂಟ್‌ಗೆ ಕೊಟ್ಟ ಅನುಮತಿಗಳನ್ನು ಒಂದೊಂದಾಗಿ ತೆಗೆಯಿರಿ. ಕಾರ್ಡ್ ಬದಲಾದರೂ ಹೊಸ ನಂಬರನ್ನು ವ್ಯಾಪಾರಿಗಳಿಗೆ ತಾನಾಗಿಯೇ ತಲುಪಿಸುವ ವ್ಯವಸ್ಥೆಯನ್ನು ಕಾರ್ಡ್ ಕಂಪನಿಗಳೇ ಇಟ್ಟುಕೊಂಡಿವೆ. ಎಂಥಾ ಅನುಕೂಲ, ಅಲ್ವಾ! ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೇಲ್‌ಗಳನ್ನು ತಾನಾಗಿಯೇ ಬೇರೆಯವರಿಗೆ ಕಳಿಸುವ, ನಿಮಗೆ ಗೊತ್ತಿಲ್ಲದ ಫಾರ್ವರ್ಡಿಂಗ್ ಏನಾದರೂ ಕೂತಿದೆಯಾ, ಅದನ್ನೂ ನೋಡಿ.

ದುಡ್ಡಿಗಾಗಿ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ವಾಪಸ್ ತರಿಸಿಕೊಡಿ ಅಂತ ಕೇಳಿದ್ದೇನೆ. ಅದಕ್ಕೆ ಗಡುವು ಇರುತ್ತದೆ, ಕಂಪನಿಯವರು ಕಣ್ಣು ಬಿಡಲಿ ಅಂತ ಸುಮ್ನೆ ಕಾಯಬೇಡಿ. ಕಂಪನಿಗೂ ಮತ್ತೆ ಬರೆದಿದ್ದೇನೆ: ಯಾವ ಸಾಧನದಿಂದ, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ನಾನು ಇದನ್ನೆಲ್ಲ ಕೊಂಡೆ ಅಂತ ತೋರಿಸಿ. ಹಾಗೇ ಆ ಗೇಮಿನಲ್ಲಿ ನಾನು ಎಷ್ಟನೇ ಲೆವೆಲ್‌ನಲ್ಲಿದ್ದೇನೆ, ಅದನ್ನೂ ತಿಳಿಸಿ.