ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯಕ್ಕೆ ಸಾಲ ಮಾಡ್ತೀವಿ, ಹಲ್ಲಿಗೆ ಎಂತಕ್ಕೆ ಮಾಡಲ್ಲ?

ಮೂರು ವಾರದಿಂದ ಬರೀಬೇಕು ಬರೀಬೇಕು ಅಂತ ಇದ್ದೆ. ಇವತ್ತು ಮಳೆ ಜೋರು, ಬೆಳಿಗ್ಗೆಯಿಂದ ಕರೆಂಟಿಲ್ಲ, ತೋಟಕ್ಕೆ ಇಳಿಯೋ ಹಂಗೂ ಇಲ್ಲ, ಫೋನಲ್ಲಿ ಇನ್ನೂ ಅರ್ಧ ಚಾರ್ಜ್ ಇದೆ, ಬರ್ದು ಬಿಡ್ತೀನಿ.

ನಾವು ಹೊಸನಗರ ತಾಲೂಕಿನೋರು, ಎರಡೂವರೆ ಎಕರೆ ಅಡಿಕೆ. ಸಾಲದ ವಿಷಯ ಮುಚ್ಚಿಟ್ಕಂಡ್ರೆ ಮುಂದಿನದು ಹೇಳಕ್ಕಾಗಲ್ಲ, ಅದಕ್ಕೆ ಹೇಳ್ತಿದೀನಿ. ಸೊಸೈಟಿ ಬೆಳೆಸಾಲ 2 ಲಕ್ಷದ 80 ಸಾವಿರ, ಬ್ಯಾಂಕಲ್ಲಿ ಒಡವೆ ಇಟ್ಟಿದ್ದು 1 ಲಕ್ಷದ 20 ಸಾವಿರ, ಮಗಳ ಹಾಸ್ಟೆಲ್ ಫೀಸಿಗೆ ಅಂತ ಅಡಿಕೆ ಮಂಡೀಲಿ ತಗಂಡ ಮುಂಗಡ, ಅದರ ಮೇಲೆ ಸಂಘದ ವಾರದ ಕಂತು. 2022ರಲ್ಲಿ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಅಂತ ಎಲ್ಲಾ ಕಡೆ ಹಬ್ಬಿತಲ್ಲ, ನಮ್ಮ ಸಾಲ ಬೆಳೆಯಕ್ಕೆ ಶುರುವಾಗಿದ್ದು ಅವಾಗಿಂದ.

ಅದೇ ವರ್ಷ ನನ್ನ ಬಲಗಡೆ ಕೆಳಗಿನ ದವಡೆ ಹಲ್ಲಲ್ಲಿ ಸಣ್ಣ ಕಪ್ಪು ಚುಕ್ಕೆ ಬಂದಿತ್ತು. ಪೇಟೇಲಿ ತೋರ್ಸಿದ್ದಕ್ಕೆ ಡಾಕ್ಟ್ರು "800 ರೂಪಾಯಿ ಆಗುತ್ತೆ, ಫಿಲ್ಲಿಂಗ್ ಮಾಡಿಸ್ಕಂಡು ಬಿಡಿ" ಅಂದಿದ್ರು. ನಾನು "ಕೊಯ್ಲು ಮುಗಿದ್ಮೇಲೆ ಬರ್ತೀನಿ" ಅಂತ ಹೇಳಿ ಬಂದೆ. ಆ ಕೊಯ್ಲು ಮುಗೀತು, ಅದರ ಮುಂದಿಂದೂ ಮುಗೀತು. ನಡುವೆ ಒಂದು ಆರು ತಿಂಗಳು ಅಲ್ಲಿ ಜುಂ ಅಂತಿತ್ತು, ತಣ್ಣೀರು ತಾಗಿದ್ರೆ ಜೀವ ಹೋದಂಗೆ ಆಗೋದು, ಆಮೇಲೆ ಒಂದು ದಿನ ನೋವೇ ನಿಂತು ಹೋಯ್ತು. ನಾನು ವಾಸಿ ಆಯ್ತು ಅಂದ್ಕಂಡೆ. ವಾಸಿ ಆಗಿರ್ಲಿಲ್ಲ, ಹಲ್ಲಿನ ಒಳಗಿನ ನರ ಸತ್ತು ಹೋಗಿತ್ತು, ಅದಕ್ಕೆ ನೋವು ಗೊತ್ತಾಗ್ತಿರ್ಲಿಲ್ಲ ಅಷ್ಟೇ. ಕೀವು ಕೆಳಗೆ ಬೇರಿನ ತುದೀಲಿ ಸುಮ್ನೆ ತುಂಬ್ತಾ ಇತ್ತು. ಇದನ್ನ ದಯವಿಟ್ಟು ನೆನಪಿಟ್ಕಳಿ, ಹಲ್ಲುನೋವು ಔಷಧಿ ಇಲ್ದೆ ತನ್ನಷ್ಟಕ್ಕೆ ನಿಂತರೆ ಖುಷಿ ಪಡಬೇಡಿ.

ಈ ಮೇ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸ್ದೆ, ಮನೇಲಿದ್ದ ನೋವಿನ ಮಾತ್ರೆ ನುಂಗ್ದೆ. ಹಿಂಗೇ ಹನ್ನೆರಡು ದಿನ, ದಿನಕ್ಕೆ ಎರಡು ಮಾತ್ರೆ, ಕೆಲವು ದಿನ ಮೂರು. ಅಂಗಡಿಯೋರು ಕೇಳ್ದಷ್ಟು ಕೊಡ್ತಾರೆ, ಒಂದು ಶೀಟಿಗೆ ಮೂವತ್ತು ನಲವತ್ತು ರೂಪಾಯಿ, ಉಳಿತಾಯ ಆಯ್ತು ಅನ್ಸತ್ತೆ. ಅಂಥ ಮಾತ್ರೆ ಹಿಂಗೇ ನುಂಗ್ತಾ ಇದ್ರೆ ಹೊಟ್ಟೇಲಿ ಹುಣ್ಣು ಮಾಡಬಹುದು, ಕಿಡ್ನಿಗೂ ಏಟು ಕೊಡಬಹುದು, ಕೀವನ್ನ ಮಾತ್ರ ಎಂತದೂ ಮಾಡಲ್ಲ.

ಶಿವಮೊಗ್ಗಕ್ಕೆ ಹೋದ್ವಿ. ದುರ್ಗಿಗುಡಿ ಕಡೆ ಒಂದು ಕ್ಲಿನಿಕ್, ಹೆಸರು ಬೇಡ. ಎಕ್ಸ್‌ರೇ ತೆಗೆದು ಸ್ಕ್ರೀನಲ್ಲಿ ತೋರ್ಸಿದ್ರು, ಹಲ್ಲಿನ ಎರಡು ಬೇರು ಬೆಳ್ಳಗೆ ಕಾಣ್ತಿತ್ತು, ಒಂದು ಬೇರಿನ ಕೆಳಗೆ ಹೆಸರುಕಾಳಿನಷ್ಟು ಕಪ್ಪು. "ಅಲ್ಲಿ ಮೂಳೆ ಕರಗಿದೆ" ಅಂದ್ರು. ಆಮೇಲೆ ರಿಸೆಪ್ಷನಲ್ಲಿ ಒಂದು ಎಸ್ಟಿಮೇಟ್ ಚೀಟಿ ಕೊಟ್ರು. ಎರಡು ಹಲ್ಲಿಗೆ ರೂಟ್ ಕೆನಾಲ್ (ಬೇರಿನ ಒಳಗೆ ಕ್ಲೀನ್ ಮಾಡಿ ತುಂಬೋದು), ಎರಡಕ್ಕೂ ಹಲ್ಲಿನ ಬಣ್ಣದ ಜಿರ್ಕೋನಿಯಾ ಕ್ಯಾಪ್, ಆರು ವರ್ಷದ ಹಿಂದೆ ಕೀಳಿಸಿದ ಎಡಗಡೆ ಮೇಲಿನ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಕೂರಿಸೋ ಹೊಸ ಹಲ್ಲು), ಕ್ಲೀನಿಂಗ್, ಎಲ್ಲಾ ಸೇರಿ 78,000. ಕೆಳಗಡೆ ಬೇರೆ ಪೆನ್ನಲ್ಲಿ "ಇಎಂಐ ಇದೆ" ಅಂತ ಬರೆದಿತ್ತು. ಆ ಚೀಟಿ ಮಡಚಿ ಪರ್ಸಲ್ಲಿ ಇಟ್ಕಂಡು ವಾಪಸ್ ಬಸ್ ಹತ್ತಿದೆ, ಆಯನೂರು ಬರೋವರೆಗೂ ನಾನೂ ನಮ್ಮ ಯಜಮಾನ್ರೂ ಮಾತಾಡ್ಲಿಲ್ಲ.

ಇವರು ಮನೆಗೆ ಬಂದ್ಮೇಲೆ "ಮಾಡ್ಸಣ, ಬಳೆ ಇಡಣ" ಅಂದ್ರು. ನಾನು ಆಗಲ್ಲ ಅಂದೆ. ಮೈದುನ "ಕೀಳಿಸಿ ಬಿಡಿ ಅತ್ತಿಗೆ, ಐನೂರು ರೂಪಾಯಲ್ಲಿ ಮುಗಿಯುತ್ತೆ" ಅಂದ. ಬೆಂಗಳೂರಿಂದ ನಮ್ಮ ಅಕ್ಕ ಫೋನ್ ಮಾಡಿ "ಆರೋಗ್ಯಕ್ಕಿಂತ ದುಡ್ಡು ದೊಡ್ಡದೇನೆ, ಎಲ್ಲಾ ಒಟ್ಟಿಗೆ ಮಾಡಿಸ್ಕ" ಅಂತ ಬೈದ್ಲು. ಈ ಕೊನೆಯ ಮಾತಿಗೆ ನಂಗೆ ನಿಜವಾಗ್ಲೂ ಬೇಜಾರಾಯ್ತು. ಸಾಲ ಇಲ್ದಿರೋರಿಗೆ ಅದು ಹೇಳಕ್ಕೆ ಸುಲಭ. ಸೊಸೈಟಿ ಸಾಲಕ್ಕೆ ಸರ್ಕಾರ 5 ಲಕ್ಷದವರೆಗೂ ಬಡ್ಡಿ ಇಲ್ಲ ಅಂತ 2023ರಲ್ಲಿ ಮಾಡಿದ್ದು ಹೌದು, ಆದ್ರೆ ಗಡುವು ದಾಟದಂಗೆ ಕಟ್ಟಿದ್ರೆ ಮಾತ್ರ, ದಾಟಿದ್ರೆ ಬಡ್ಡಿ ಬೀಳುತ್ತೆ, ಮತ್ತೆ ಸಾಲ ಸಿಗೋದೂ ಕಷ್ಟ. 78 ಸಾವಿರ ಹಲ್ಲಿಗೆ ಸುರಿದು ಆ ಗಡುವು ತಪ್ಪಿಸ್ಕಂಡ್ರೆ ಇಡೀ ಮನೆ ಅಲ್ಲಾಡುತ್ತೆ. ದುಡ್ಡು ದೊಡ್ಡದು ಅಂತ ಅಲ್ಲ, ಮನೆ ನಡೀಬೇಕಲ್ಲ.

ಅದೇ ವಾರ ಮನೇಲಿ ಕೊಳೆ ಔಷಧಿಗೆ ರೆಡಿ ಮಾಡ್ತಿದ್ವಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ನಾನು ಸುಣ್ಣ ಕದಡ್ತಾ ಇದ್ದೆ, ಕೆನ್ನೆಗೆ ಟವೆಲ್ ಕಟ್ಕಂಡು. ಮೈಲುತುತ್ತ ತಂದಿದ್ದು ಕೈಸಾಲದಲ್ಲಿ, ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರನಿಗೆ ಅಡ್ವಾನ್ಸ್ ಕೊಟ್ಟಿದ್ದೂ ಅದರಲ್ಲೇ. ಅದಕ್ಕೆ ಯಾರೂ ಮನೇಲಿ "ಸಾಲ ಇದೆ, ಈ ವರ್ಷ ಔಷಧಿ ಬೇಡ" ಅನ್ನಲಿಲ್ಲ. ನಮ್ಮ ಕಡೆ ಯಾರೂ ಅನ್ನಲ್ಲ. ಮಳೆ ಹಿಡಿಯೋಕ್ ಮುಂಚೆ ಒಂದ್ ಸಲ, ನಲವತ್ತು ದಿನ ಬಿಟ್ಟು ಇನ್ನೊಂದ್ ಸಲ, ಹೊಡೀಲೇಬೇಕು, ಇಲ್ಲಾಂದ್ರೆ ಕಾಯೆಲ್ಲ ಉದುರಿ ಮರದ ಬುಡ ತುಂಬುತ್ತೆ ಅಂತ ಎಲ್ರಿಗೂ ಗೊತ್ತು. ಹಂಗೇ ಯಾರೂ ಅದೇ ಸಾಲದಲ್ಲಿ ಮನೆ ಮುಂದಿನ ಅಂಗಳಕ್ಕೆ ಟೈಲ್ಸ್ ಹಾಕ್ಸಲ್ಲ. ಟೈಲ್ಸ್ ಮುಂದಿನ ವರ್ಷಕ್ಕೆ ಕಾಯುತ್ತೆ, ಕೊಳೆ ಕಾಯಲ್ಲ.

ನಾನು ಕೈ ತೊಳ್ಕಂಡು ಬಂದು ಆ ಚೀಟಿ ಬಿಚ್ಚಿ ಕೂತೆ. ಇದರಲ್ಲಿ ಕೊಳೆ ಯಾವುದು, ಟೈಲ್ಸ್ ಯಾವುದು ಅಂತ ಪೆನ್ಸಿಲಲ್ಲಿ ಗುರುತು ಹಾಕ್ದೆ. ಕೀವಾಗಿರೋ ಹಲ್ಲು ಕೊಳೆ. ಇಂಪ್ಲಾಂಟ್ ಟೈಲ್ಸ್. ಜಿರ್ಕೋನಿಯಾನೂ ಟೈಲ್ಸೇ, ಯಾಕಂದ್ರೆ ಹಿಂದಿನ ದವಡೆ ಹಲ್ಲು ಯಾರಿಗೂ ಕಾಣಲ್ಲ, ಲೋಹದ ಕ್ಯಾಪ್ ಹಾಕಿದ್ರೂ ಅಗಿಯೋ ಕೆಲಸ ಆಗುತ್ತೆ. ಇನ್ನೊಂದು ಹಲ್ಲಿನ ರೂಟ್ ಕೆನಾಲ್ ಬಗ್ಗೆ ಡೌಟು ಬಂತು.

ಮರುದಿನ ಮುಖ ಊದ್ಕಂತು. ಇವರು ಹೆದರಿ ನನ್ನನ್ನ ಡೆಂಟಲ್ ಕಾಲೇಜಿಗೆ ಕರ್ಕಂಡು ಹೋದ್ರು. ಅಲ್ಲಿ ಓದೋ ಮಕ್ಕಳು ಮಾಡ್ತಾರೆ, ಪಕ್ಕದಲ್ಲಿ ಮೇಡಂ ಅಥವಾ ಸರ್ ನಿಂತು ನೋಡ್ತಾರೆ, ಅದಕ್ಕೆ ಖರ್ಚು ಕಮ್ಮಿ, ಟೈಮ್ ಜಾಸ್ತಿ. ನಾನು ಕುರ್ಚಿ ಮೇಲೆ ಕೂತ ತಕ್ಷಣ ಹೇಳ್ದೆ, "ನೋಡಿ ಮೇಡಂ, ನಮಗೆ ಸಾಲ ಇದೆ, ಈಗ ನಂಗೆ ಹತ್ತು ಸಾವಿರದ ಮೇಲೆ ಆಗಲ್ಲ, ಅಷ್ಟರಲ್ಲಿ ಎಂತ ಮುಖ್ಯವೋ ಅದು ಮಾಡಿ." ಹೇಳೋವಾಗ ಗಂಟಲು ಕಟ್ಟಿತ್ತು. ಆ ಮೇಡಂ ಮುಖ ಸಿಂಡರಿಸ್ಲಿಲ್ಲ, "ಒಳ್ಳೇದಾಯ್ತು ಹೇಳಿದ್ದು" ಅಂದ್ರು. ಎರಡನೇ ಹಲ್ಲು ನೋಡಿ, ಹುಳುಕು ನರದವರೆಗೂ ಹೋಗಿಲ್ಲ, ಫಿಲ್ಲಿಂಗ್ ಸಾಕು ಅಂದ್ರು.

ಕೀಳಿಸೋದಾ ಅಂತಲೂ ಕೇಳ್ದೆ. ಅವರು ಕನ್ನಡಿ ಕೊಟ್ಟು ನನ್ನ ಎಡಗಡೆನೇ ತೋರ್ಸಿದ್ರು. ಮೇಲಿನ ಹಲ್ಲು ಕೀಳಿಸಿದ ಜಾಗಕ್ಕೆ ಕೆಳಗಿನ ಹಲ್ಲು ಎದ್ದು ಬಂದಿದೆ, ಪಕ್ಕದ್ದು ವಾಲಿದೆ. ಆರು ವರ್ಷದಿಂದ ನಾಲಿಗೆಗೆ ತಾಗ್ತಾ ಇತ್ತು, ಎಂತಕ್ಕೆ ಅಂತ ಗೊತ್ತಿರ್ಲಿಲ್ಲ. ಎಡಗಡೆ ಅಗಿಯಕ್ಕಾಗದೆ ಎಲ್ಲಾ ಬಲಗಡೆನೇ ಅಗೀತಿದ್ದೆ, ಈಗ ಬಲಗಡೇದೂ ಕಿತ್ರೆ ರೊಟ್ಟಿ ತಿನ್ನೋದು ಯಾವುದರಲ್ಲಿ? ನನ್ನ ಲೆಕ್ಕಕ್ಕೆ ಈ ಹಲ್ಲು ಉಳಿಸೋದೇ ಸರಿ ಅನ್ನಿಸ್ತು. ಎಲ್ರಿಗೂ ಹಂಗೆ ಅಂತಲ್ಲ. ಕೈಲಿ ದುಡ್ಡು ಇಲ್ವೇ ಇಲ್ಲ ಅಂದ್ರೆ ಕೀಳಿಸೋದು ತಪ್ಪಲ್ಲ, ಅವಮಾನನೂ ಅಲ್ಲ, ಕೀವು ಇಟ್ಕಂಡು ಮಾತ್ರೆ ನುಂಗೋದಕ್ಕಿಂತ ನೂರು ಪಾಲು ಮೇಲು.

ನಾಲ್ಕು ಸಲ ಹೋದೆ. ಒಬ್ಬಳು ಹುಡುಗಿ, ನಮ್ಮ ಮಗಳಿಗಿಂತ ಒಂದೆರಡು ವರ್ಷ ದೊಡ್ಡೋಳು ಇರಬಹುದು, ಕೂದಲಿನಷ್ಟು ಸಣ್ಣ ಸೂಜಿಯಂಥ ಫೈಲ್ ಒಂದೊಂದೇ ತಗಂಡು, ಸ್ಕೇಲಲ್ಲಿ ಅಳತೆ ನೋಡಿ, ಬೇರಿನ ಒಳಗೆ ಇಳಿಸಿ ಉಜ್ಜಿ ತೆಗೆಯೋಳು. ಮೊದಲ ದಿನ ಹಲ್ಲು ಓಪನ್ ಮಾಡಿದ ಕೂಡ್ಲೇ ಬಾಯಿ ತುಂಬ ಕೆಟ್ಟ ವಾಸನೆ, ಆ ಹುಡುಗಿ "ಪರ್ವಾಗಿಲ್ಲ ಆಂಟಿ, ಹೊರಗೆ ಬಂತಲ್ಲ" ಅಂದ್ಲು. ಒತ್ತಡ ಇಳಿದು ಹೋಯ್ತು. ಅವತ್ತು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡ್ದೆ, ಹನ್ನೆರಡು ದಿನ ಆದ್ಮೇಲೆ.

ರೂಟ್ ಕೆನಾಲ್, ಲೋಹದ ಕ್ಯಾಪ್, ಇನ್ನೊಂದು ಹಲ್ಲಿಗೆ ಫಿಲ್ಲಿಂಗ್, ಎಕ್ಸ್‌ರೇ, ಬಸ್ ಚಾರ್ಜು ಎಲ್ಲಾ ಸೇರಿ 7,400 ಆಯ್ತು. ಇಎಂಐ ತಗಳ್ಲಿಲ್ಲ. ತಿಂಗಳು ತಿಂಗಳು ಕಟ್ಟೋಕೆ ನಮಗೆಲ್ಲಿ ತಿಂಗಳ ಸಂಬಳ ಇದೆ, ನಮ್ಮ ದುಡ್ಡು ಬರೋದು ವರ್ಷಕ್ಕೆ ಒಂದು ಸಲ. ಬೆಂಡೋಲೆ ಇಟ್ಟೆ, ಬ್ಯಾಂಕಿನ ಹುಡುಗ ತಕ್ಕಡೀಲಿ ಇಟ್ಟಾಗ ಮನಸ್ಸಿಗೆ ಒಂಥರಾ ಆಯ್ತು, ಅಮ್ಮ ಕೊಟ್ಟಿದ್ದು. ಆದ್ರೂ ಈ ಸಾಲ ಮಾಡಿದ್ದಕ್ಕೆ ನಂಗೆ ಒಂಚೂರೂ ಪಶ್ಚಾತ್ತಾಪ ಇಲ್ಲ. ಪಶ್ಚಾತ್ತಾಪ ಇರೋದು ಆ 800 ರೂಪಾಯಿ ಬಗ್ಗೆ.

ಹೆಣ್ಮಕ್ಕಳಿಗೆ ಒಂದು ಮಾತು ಹೇಳ್ಲೇಬೇಕು. ನಮ್ಮ ಮನೆಗಳಲ್ಲಿ ಸಾಲ ಅಂದ ತಕ್ಷಣ ಮೊದಲು ಮುಂದಕ್ಕೆ ಹೋಗೋದು ಹೆಂಗಸರ ಕಾಯಿಲೆ. ಯಾರೂ ತಳ್ಳಲ್ಲ, ನಾವೇ ತಳ್ತೀವಿ. ಇವರಿಗೆ ಹೋದ ವರ್ಷ ಕಾಲು ಉಳುಕಿದಾಗ ಅವತ್ತೇ ಆಟೋ ಮಾಡಿಸ್ಕಂಡು ಹೋಗಿದ್ದು ನಾನೇ. ಮುಖ ಊದಿ, ಜ್ವರ ಬಂದು, ಬಾಯಿ ತೆಗೆಯಕ್ಕೋ ನುಂಗಕ್ಕೋ ಕಷ್ಟ ಆದ್ರೆ ಸಾಲ ಗೀಲ ಎಂತದೂ ನೋಡಬೇಡಿ, ಅದು ಕುತ್ತಿಗೆಗೆ ಇಳಿದು ಉಸಿರಾಟಕ್ಕೇ ತೊಂದರೆ ಆಗಬಹುದು. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೇಲೂ ಹಲ್ಲಿನ ವಿಭಾಗ ಇದೆ. ಶುಗರ್ ಇರೋರಂತೂ ಒಸಡು ಊದಿದ್ರೆ ಅಸಡ್ಡೆ ಮಾಡಲೇಬೇಡಿ.

ಎಡಗಡೆ ಮೇಲಿನ ಗ್ಯಾಪ್ ಹಂಗೇ ಇದೆ. ಇಂಪ್ಲಾಂಟ್ ಈ ವರ್ಷ ಇಲ್ಲ, ಬಹುಶಃ ಮುಂದಿನ ವರ್ಷನೂ ಇಲ್ಲ. ಮೊದಲು ಸೊಸೈಟಿದು ಗಡುವಿನೊಳಗೆ ಕಟ್ಟಬೇಕು, ಆಮೇಲೆ ಬೆಂಡೋಲೆ ಬಿಡಿಸ್ಬೇಕು. ನಾಳೆ ಮಳೆ ಹೊಳವಾದ್ರೆ ಎರಡನೇ ಸಲ ಔಷಧಿ ಹೊಡೆಯೋದಿದೆ, ನಾಡಿದ್ದು ನಮ್ಮತ್ತೇನ ಹಲ್ಲಿಗೆ ಕರ್ಕಂಡು ಹೋಗ್ತಿದೀನಿ. ಅವರೂ ಮೂರು ತಿಂಗಳಿಂದ ಕೊಯ್ಲು ಆಗ್ಲಿ ಅಂತಿದ್ರು.