ರಟ್ಟಿನ ಮೇಲೆ ದಂಡಯಾತ್ರೆ

ಗುರಿ ಅಭ್ಯಾಸಕ್ಕೆಂದು ಮೊದಲ ಪಿಸ್ತೂಲು ಕೊಳ್ಳಲು ಬಂದವರು ಅಂಗಡಿಯಲ್ಲಿ ಮೊದಲು ಕೇಳುವುದು: “ಒಂದೇ ಏಟಿಗೆ ಉರುಳಿಸುತ್ತದಾ?” ಯಾರನ್ನು ಸ್ವಾಮಿ? ಹತ್ತು ಮೀಟರ್ ಆಚೆ ನೇತುಬಿಟ್ಟ ರಟ್ಟನ್ನು. ಆ ರಟ್ಟು ಈವರೆಗೆ ಯಾರ ಮೇಲೂ ಎರಗಿದ್ದಿಲ್ಲ. ಆದರೂ .44 ಮ್ಯಾಗ್ನಮ್ ಎಂಬ ಭಾರಿ ಕಾಡತೂಸಿನ ಪಿಸ್ತೂಲಿಗಿಂತ ಕಡಿಮೆಯದು ಇವರ ಘನತೆಗೆ ಸಾಲದು.

ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿನಲ್ಲೂ ಬಳಸುವ ಪುಟ್ಟ .22 ಲಾಂಗ್ ರೈಫಲ್ ಕಾಡತೂಸಿನ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. .44ರದ್ದು 240 ಗ್ರೇನ್, ಸರಿಯಾಗಿ ಆರು ಪಟ್ಟು. ರಟ್ಟಿಗೆ ಎರಡರಿಂದಲೂ ಆಗುವುದು ತೂತೇ; ಒದೆತ ತಿನ್ನುವವನು ಮಾತ್ರ ಹಿಂದೆ ನಿಂತವನು. ಕೆಲವೇ ಗುಂಡುಗಳಲ್ಲಿ ಕೈ ಒದೆತವನ್ನು ಬಾಯಿಪಾಠ ಮಾಡಿಕೊಳ್ಳುತ್ತದೆ. ಆಮೇಲೆ ಟ್ರಿಗರ್ ಪೂರ್ತಿ ಹಿಂದೆ ಬರುವ ಮೊದಲೇ ಮಣಿಕಟ್ಟು ಕೆಳಗೆ ಬಗ್ಗುತ್ತದೆ. ಬಲಗೈಯವರ ತೂತುಗಳು ಕೆಳಗೆ, ಎಡಕ್ಕೆ ಸಂತೆ ಸೇರುತ್ತವೆ. ಕೂಡಲೇ ಗುರಿ ಹಿಡಿಯುವ ಸೈಟ್ ಕೆಟ್ಟಿದೆ ಎಂಬ ತೀರ್ಪು, ಸ್ಕ್ರೂ ತಿರುಗಿಸುವ ಶಿಕ್ಷೆ. ಕಾಡತೂಸುಗಳ ನಡುವೆ ಇವರಿಗೆ ಗೊತ್ತಾಗದಂತೆ ಸಿಡಿಯದ ಒಂದು ಡಮ್ಮಿ ಹಾಕಿಸಿ ನೋಡಿ. ಗುಂಡು ಹಾರದಿದ್ದರೂ ನಳಿಕೆ ತಲೆಬಾಗಿ ನಮಸ್ಕರಿಸಿದರೆ, ಸ್ಕ್ರೂ ನಿರಪರಾಧಿ.

ಇನ್ನೊಂದು ಪಂಗಡ ಜೇಬಿನಲ್ಲಿ ಮರೆಯಾಗುವ ಪುಟಾಣಿಯನ್ನೇ ಕೇಳುತ್ತದೆ. ರಟ್ಟಿನಿಂದ ಬಚ್ಚಿಡುವ ಅಗತ್ಯವೇನೋ! ಹಗುರವಾದಷ್ಟೂ ಅದರ ಒದೆತ ಜೋರು. ಮುಂದಿನ, ಹಿಂದಿನ ಸೈಟ್‌ಗಳ ನಡುವಿನ ಅಂತರವೂ ಗಿಡ್ಡ: ಅದು 10 ಸೆಂ.ಮೀ. ಇದ್ದು, ಮುಂದಿನ ಸೈಟ್ 1 ಮಿ.ಮೀ. ಸರಿದರೆ, 10 ಮೀಟರ್‌ನಲ್ಲಿ ಗುಂಡು 10 ಸೆಂ.ಮೀ. ಆಚೆ. ಅಂತರ 20 ಇದ್ದರೆ ತಪ್ಪು ಅರ್ಧ.

ಪಿಸ್ತೂಲಿಗೆ ಸಿಕ್ಕಿಸಿ ಗುರಿಯ ಮೇಲೆ ಚುಕ್ಕೆ ಬೀಳಿಸುವ ಲೇಸರ್‌ನ ಮಾರಾಟವಂತೂ ಜೋರು. ಅದು ಕೈನಡುಕವನ್ನು ಕೆಂಪು ಅಕ್ಷರದಲ್ಲಿ ಬರೆದು ತೋರಿಸುತ್ತದೆ, ಅಷ್ಟೆ. ಚುಕ್ಕೆ ನಡುವಿಗೆ ಬಂದ ಕ್ಷಣವೇ ಟ್ರಿಗರ್ ಎಳೆದುಬಿಡುವ ಚಟ ಉಚಿತ.

ಒಲಿಂಪಿಕ್ಸ್‌ನ 10 ಮೀಟರ್ ಪಿಸ್ತೂಲು ಸ್ಪರ್ಧೆ ನಡೆಯುವುದು ಗಾಳಿಯ ಒತ್ತಡದಿಂದ 4.5 ಮಿ.ಮೀ.ನ ಪುಟ್ಟ ಗುಂಡು (ಪೆಲೆಟ್) ಹಾರಿಸುವ ಏರ್ ಪಿಸ್ತೂಲಿನಲ್ಲಿ. ಪೆಲೆಟ್ ತೂಕ ಸುಮಾರು ಅರ್ಧ ಗ್ರಾಂ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ.; ಟ್ರಿಗರ್ ಎಳೆಯಲು ಬೇಕಾದ ಬಲ ಕನಿಷ್ಠ 500 ಗ್ರಾಂ ಭಾರದಷ್ಟು. 25 ಮೀಟರ್‌ಗೆ .22 ಸಾಕು. ಪದಕ ಗೆದ್ದವರಿಗೆ ಸಾಕಾಗುವುದು ನಮ್ಮ ವೀರರಿಗೆ “ಮಕ್ಕಳ ಆಟಿಕೆ”.

ಹಿಡಿ ಹೊಂದುತ್ತದೆಯೇ ಎಂದು ನೋಡುವುದು ಸುಲಭ. ಖಾಲಿ ಇದೆಯೆಂದು, ಕಾಡತೂಸು ಕೂರುವ ಚೇಂಬರ್ ತೆರೆದು ಎರಡು ಸಲ ಖಚಿತಪಡಿಸಿಕೊಂಡು, ಅಂಗಡಿಯವರು ತೋರಿಸಿದ ಸುರಕ್ಷಿತ ದಿಕ್ಕಿಗೆ ಕಣ್ಣು ಮುಚ್ಚಿ ಎತ್ತಿ, ಮತ್ತೆ ಕಣ್ಣು ಬಿಡಬೇಕು. ಸೈಟ್‌ಗಳು ತಾವಾಗಿ ಸಾಲಾಗಿದ್ದರೆ, ತೋರುಬೆರಳ ತುದಿಯ ಮೆತ್ತೆ ಟ್ರಿಗರ್ ಮೇಲೆ ನೇರ ಕೂತರೆ, ಆಯಿತು. ಆದರೆ ಪರೀಕ್ಷೆಗೆ ಪುರುಸೊತ್ತೆಲ್ಲಿ? ಫೋಟೋದಲ್ಲಿ ಹೇಗೆ ಕಾಣುತ್ತದೆಂಬ ಪರೀಕ್ಷೆ ಮೊದಲೇ ಮುಗಿದಿರುತ್ತದೆ. .22 ಪಿಸ್ತೂಲಿನ ಸದ್ದೂ 140 ಡೆಸಿಬಲ್ ದಾಟುತ್ತದೆಂದು ಕಿವಿಕವಚ ಮುಂದಿಟ್ಟರೆ, ಅದು ಫೋಟೋ ಕೆಡಿಸುತ್ತದಂತೆ.