ಮೂರು ಪೆನ್ನಿಯ ಚಹಾ

ಚಹಾದ ಬೆಲೆ ಏರಿದರೆ ನಾವು ಗೊಣಗುತ್ತೇವೆ, ಆಮೇಲೆ ಕುಡಿಯುತ್ತೇವೆ. ಹೋಟೆಲಿನವನು ಹಾಲಿನ ರೇಟು ಜಾಸ್ತಿ ಆಯ್ತು ಅನ್ನುತ್ತಾನೆ, ನಾವು ಬೈಟು ಹೇಳಿ ಸಮಾಧಾನ ಮಾಡಿಕೊಳ್ಳುತ್ತೇವೆ. ಅಮೆರಿಕದ ಬಾಸ್ಟನ್ನಿನವರು 1773ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಮಾಡಿದರು. ಚಹಾ ಅಗ್ಗವಾಗುತ್ತದೆ ಅಂತ ಜಗಳ ತೆಗೆದರು!

ತೆರಿಗೆ ಹೆಚ್ಚಾಯಿತು, ಜನ ದಂಗೆ ಎದ್ದರು ಅಂತ ಶಾಲೆಯಲ್ಲಿ ಓದಿದ ನೆನಪು. ಅಷ್ಟು ಸರಳವಲ್ಲ. ಆಗ ಅಮೆರಿಕದ ಆ ಭಾಗ ಬ್ರಿಟನ್ನಿನ ವಸಾಹತು. ಫ್ರಾನ್ಸಿನ ಜೊತೆಗಿನ ಏಳು ವರ್ಷಗಳ ಯುದ್ಧವನ್ನು ಬ್ರಿಟನ್ ಗೆದ್ದಿತ್ತು. ಆದರೆ 1763ರಲ್ಲಿ ಅದು ಮುಗಿಯುವ ಹೊತ್ತಿಗೆ ಕುತ್ತಿಗೆವರೆಗೆ ಸಾಲ. ಅಮೆರಿಕದವರೂ ಸ್ವಲ್ಪ ಕೊಡಲಿ ಅಂದುಕೊಂಡು 1765ರಲ್ಲಿ ಸ್ಟ್ಯಾಂಪ್ ಕಾಯ್ದೆ ತಂದರು. ಪತ್ರಿಕೆಗೆ, ಕೋರ್ಟು ಕಾಗದಕ್ಕೆ, ಕೊನೆಗೆ ಇಸ್ಪೀಟು ಎಲೆಗೂ ತೆರಿಗೆ. ಪತ್ರಿಕೆಯವರು, ವಕೀಲರು, ಇಸ್ಪೀಟಿನವರು ಮೂವರನ್ನೂ ಒಂದೇ ಸಲ ಎದುರುಹಾಕಿಕೊಂಡ ಸರ್ಕಾರ ಬೇರೆ ಇರಲಾರದು. 'ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲ, ನೀವು ಯಾರು ತೆರಿಗೆ ಹಾಕಲಿಕ್ಕೆ?' ಅಂದರು ಜನ. ಮುಂದಿನ ವರ್ಷವೇ ಕಾಯ್ದೆ ರದ್ದಾಯಿತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇಷ್ಟರ ಮೇಲೆ ಮತ್ತೆ ಸುಂಕ ಬಿತ್ತು. ಮತ್ತೆ ಗಲಾಟೆ, ಬಹಿಷ್ಕಾರ. 1770ರಲ್ಲಿ ಎಲ್ಲವನ್ನೂ ವಾಪಸ್ ತೆಗೆದುಕೊಂಡರು, ಚಹಾ ಒಂದನ್ನು ಬಿಟ್ಟು. ಒಂದು ಪೌಂಡು ತೂಕದ (ಸುಮಾರು ಅರ್ಧ ಕಿಲೊ) ಚಹಾಕ್ಕೆ ಮೂರು ಪೆನ್ನಿ, ಅಂದರೆ ಬ್ರಿಟನ್ನಿನ ಚಿಲ್ಲರೆ ಕಾಸು. ಖಜಾನೆ ತುಂಬಲಿಕ್ಕೆ ಅಲ್ಲ, ತೆರಿಗೆ ಹಾಕುವ ಹಕ್ಕು ನಮಗಿದೆ ಅಂತ ತೋರಿಸಲಿಕ್ಕೆ. ಮನೆ, ಗದ್ದೆ ಎಲ್ಲ ಸುಸೂತ್ರವಾಗಿ ಪಾಲು ಮಾಡಿಕೊಂಡು, ಬದುವಿನ ಮೇಲಿನ ಒಂದು ಹಲಸಿನ ಮರಕ್ಕೆ ಕೋರ್ಟು ಹತ್ತುವ ಅಣ್ಣತಮ್ಮಂದಿರನ್ನು ನೋಡಿದವರಿಗೆ ಇದು ಹೊಸದಲ್ಲ.

ಈಗ ನಮಗೆ ಗೊತ್ತಿರುವ ಪಾತ್ರ ಬರುತ್ತದೆ, ಈಸ್ಟ್ ಇಂಡಿಯಾ ಕಂಪನಿ. ಲಂಡನ್ನಿನ ಗೋದಾಮುಗಳಲ್ಲಿ ಅದರ ಚಹಾ ಮಾರಾಟವಾಗದೆ ಬಿದ್ದಿತ್ತು, ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ಅದನ್ನು ಎತ್ತಲಿಕ್ಕೆ ಪಾರ್ಲಿಮೆಂಟು 1773ರಲ್ಲಿ ಚಹಾ ಕಾಯ್ದೆ ಮಾಡಿತು. ಕಂಪನಿಯೇ ನೇರವಾಗಿ ಅಮೆರಿಕಕ್ಕೆ ಚಹಾ ಕಳಿಸಬಹುದು. ಸುಂಕ ಸೇರಿಸಿದರೂ ಅಗ್ಗ. ಡಚ್ಚರಿಂದ ಕೊಂಡು ಕಳ್ಳಸಾಗಣೆ ಮಾಡಿ ಮಾರುತ್ತಿದ್ದವರ ಹೊಟ್ಟೆಗೆ ಹೊಡೆತ ಬಿತ್ತು, ನೆಟ್ಟಗೆ ವ್ಯಾಪಾರ ಮಾಡುತ್ತಿದ್ದವರಿಗೂ ಬಿತ್ತು. ಸ್ವಾತಂತ್ರ್ಯದ ಹಂಬಲದೊಳಗೆ ಅಂಗಡಿ ಲೆಕ್ಕವೂ ಇತ್ತು, ಅದನ್ನು ಮುಚ್ಚಿಡುವುದು ಯಾಕೆ? ಆದರೆ ಭಯವೂ ಸುಳ್ಳಲ್ಲ. ಬಂಗಾಳದ 1770ರ ಬರಗಾಲದಲ್ಲಿ ಕಂಪನಿ ನಡೆದುಕೊಂಡ ರೀತಿಯನ್ನು ಅಮೆರಿಕದಲ್ಲಿ ಬರೆದು ಹಂಚಿದರು. ನಾಳೆ ನಮ್ಮ ಗತಿಯೂ ಅದೇ ಅಂದರು.

ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ, ಮೊಹಾಕರೆಂಬ ಅಮೆರಿಕದ ಮೂಲನಿವಾಸಿಗಳ ವೇಷ ಹಾಕಿಕೊಂಡವರು ಕಂಪನಿಯ ಚಹಾ ತಂದಿದ್ದ ಮೂರು ಹಡಗು ಹತ್ತಿ, 342 ಪೆಟ್ಟಿಗೆ ಒಡೆದು ಚಹಾವನ್ನೆಲ್ಲ ನೀರಿಗೆ ಸುರಿದರು. ಎಲ್ಲ ಚೀನಾದ ಚಹಾ. ಅಸ್ಸಾಮಿನ ತೋಟಗಳು ಇನ್ನೂ ಹುಟ್ಟಿರಲಿಲ್ಲ. ಅಲ್ಲಿದ್ದ ಜಾರ್ಜ್ ಹ್ಯೂಸ್ ಎಂಬ ಚಮ್ಮಾರ ಮುದುಕನಾದ ಮೇಲೆ ಆ ರಾತ್ರಿಯ ಕಥೆ ಹೇಳಿದ್ದಾನೆ. ಒಬ್ಬ ಸದ್ದಿಲ್ಲದೆ ಕೋಟಿನ ಜೇಬಿಗೆ ಚಹಾ ತುಂಬಿಕೊಳ್ಳುತ್ತಿದ್ದನಂತೆ. ಹ್ಯೂಸ್ ಅವನ ಕೋಟಿನ ಬಾಲ ಹಿಡಿದು ಜಗ್ಗಿದ, ಬಾಲ ಹರಿದು ಕೈಗೆ ಬಂತು. ಬೆಳಿಗ್ಗೆ ಇನ್ನೂ ತೇಲುತ್ತಿದ್ದ ಸೊಪ್ಪನ್ನು ಯಾರೂ ಬಾಚಿಕೊಳ್ಳಬಾರದೆಂದು ದೋಣಿಯಲ್ಲಿ ಹೋಗಿ ಹುಟ್ಟುಗೋಲಿನಿಂದ ಬಡಿದು ಮುಳುಗಿಸಿದರು. ನನಗೆ ಇಡೀ ಕ್ರಾಂತಿಯಲ್ಲಿ ಇಷ್ಟವಾಗುವುದು ಈ ಬಡಿಯುವ ಕೆಲಸವೇ. ಭಾಷಣವಿಲ್ಲ, ಸುಮ್ನೆ ಹುಟ್ಟುಗೋಲು.

ಲಂಡನ್ನಿಗೆ ಸಿಟ್ಟು ಬಂತು. 1774ರ ಜೂನ್‌ನಲ್ಲಿ ಬಾಸ್ಟನ್ ಬಂದರಿಗೆ ಬೀಗ ಜಡಿದರು. ಒಂದು ಊರಿಗೆ ಪಾಠ ಕಲಿಸಲು ಹೋಗಿ ಹದಿಮೂರು ವಸಾಹತುಗಳನ್ನೂ ಒಂದುಮಾಡಿದ್ದು ಇಲ್ಲಿಯೇ. ದೂರದ ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಗಳನ್ನು ಹೊಡೆದುಕೊಂಡು ಬಂದರು. ಅದೇ ಬೇಸಿಗೆ ಜಾನ್ ಆಡಮ್ಸ್ ಎಂಬ ವಕೀಲ ದಾರಿಯಲ್ಲಿ ಒಂದು ಮನೆಯಲ್ಲಿ ಇಳಿದುಕೊಂಡ. ಸುಂಕ ಕಟ್ಟದೆ ಕದ್ದು ತಂದ ಚಹಾ ಇದ್ದರೆ ಒಂದು ಲೋಟ ಸಿಗುತ್ತಾ ಅಂತ ಕೇಳಿದ. ಮನೆಯಾಕೆ, ಇಲ್ಲಿ ಚಹಾ ಬಿಟ್ಟಿದ್ದೇವೆ, ಬೇಕಾದರೆ ಕಾಫಿ ಮಾಡಿಕೊಡುತ್ತೇನೆ ಅಂದಳು. ಆಡಮ್ಸ್ ಅಲ್ಲಿಂದ ದಿನಾ ಕಾಫಿಗೆ ಹೊಂದಿಕೊಂಡ. ಹೆಂಡತಿಗೆ ಬರೆದ ಪತ್ರದಲ್ಲಿ ಇದೆಲ್ಲ ಇದೆ. ಕಾಫಿ ಕುಡಿಯುವುದನ್ನು ತ್ಯಾಗ ಅಂತ ಲೆಕ್ಕ ಹಾಕಿದ್ದನ್ನು ನಮ್ಮ ಚಿಕ್ಕಮಗಳೂರಿನವರು ಕ್ಷಮಿಸುವುದು ಕಷ್ಟ.

1775ರ ಏಪ್ರಿಲ್ 19ರಂದು ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿ ಯುದ್ಧ ಶುರುವಾಯಿತು. ಆಮೇಲೂ, ಜುಲೈನಲ್ಲಿ, ಅಮೆರಿಕದವರು ಬ್ರಿಟನ್ನಿನ ರಾಜನಿಗೆ ರಾಜಿ ಅರ್ಜಿ ಬರೆದರು. ರಾಜ ಮೂಸಿಯೂ ನೋಡಲಿಲ್ಲ. ಮರುವರ್ಷ ಸ್ವಾತಂತ್ರ್ಯ ಘೋಷಣೆ. ನಾವು ಯಾರ ಗುಲಾಮರೂ ಅಲ್ಲ ಅಂದವರಲ್ಲಿ ಎಷ್ಟೋ ಜನರ ಮನೆಯಲ್ಲಿ ಗುಲಾಮರಿದ್ದರು ಅನ್ನುವುದೂ ನಿಜ.

ಯುದ್ಧದ ಕೊನೆಯ ಭಾಗದಲ್ಲಿ ಮೈಸೂರೂ ಬರುತ್ತದೆ. ಪೆನ್ಸಿಲ್ವೇನಿಯಾದವರು ತಮ್ಮದೊಂದು ಹಡಗಿಗೆ ಹೈದರ್ ಅಲಿಯ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿಯಿತು. ಅದರ ಹಿಂದಿನ ವರ್ಷ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್, ಮೈಗೆ ಹುಷಾರಿಲ್ಲ ಅಂತ ಹೇಳಿ ಶರಣಾಗತಿಗೆ ಬೇರೆಯವರನ್ನು ಕಳಿಸಿದ್ದ. ಅದೇ ಆಸಾಮಿ 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, ಒತ್ತೆಗೆ ಇಬ್ಬರು ಮಕ್ಕಳು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೇಳಿದ. ಈ ಸಲ ಅವನಿಗೆ ಹುಷಾರು ತಪ್ಪಲಿಲ್ಲ.